ಊಟ ಬಿಟ್ಟಿದ್ದೇಕೆ? ಈಟಿಂಗ್ ಡಿಸಾರ್ಡರ್‌ಗಳನ್ನು ವೈದ್ಯರು ಗುರುತಿಸುವ ಬಗೆ

ತೂಕ ಇಳಿಸುವ ಚುಚ್ಚುಮದ್ದುಗಳಾದ ಮೌಂಜಾರೊ 2025ರ ಮಾರ್ಚ್‌ನಲ್ಲಿ, ವೆಗೋವಿ ಅದೇ ವರ್ಷದ ಜೂನ್‌ನಲ್ಲಿ ಭಾರತದ ಮಾರುಕಟ್ಟೆಗೆ ಬಂದವು. ಅಲ್ಲಿಂದೀಚೆಗೆ ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಬೆಳಗಿನ ನಡಿಗೆಯಲ್ಲೂ ಮಂಡ್ಯದ ಮದುವೆ ಮನೆಯ ಪಂಕ್ತಿಯಲ್ಲೂ ತೂಕದ ಮಾತು ಹೆಚ್ಚಾಗಿದೆ. ಈ ಔಷಧಗಳು ಹಸಿವನ್ನು ತಗ್ಗಿಸುತ್ತವೆ. ಹಾಗಾಗಿ ಚೀಟಿ ಬರೆಯುವ ಮುನ್ನ ಎಚ್ಚರದ ವೈದ್ಯರು ಒಂದು ಪ್ರಶ್ನೆ ಕೇಳುತ್ತಾರೆ: "ನಿಮಗೆ ಹಿಂದೆ ಎಂದಾದರೂ ಈಟಿಂಗ್ ಡಿಸಾರ್ಡರ್ ಇತ್ತೆ?" ಬಹಳ ಮಂದಿ ಇಲ್ಲ ಎಂದುಬಿಡುತ್ತಾರೆ. ತಿನ್ನುವ ರೀತಿಯೇ ಕೆಡುವ ಅಂಥ ಕಾಯಿಲೆಯೊಂದು ಇದೆ ಎಂಬುದೇ ಗೊತ್ತಿಲ್ಲದವರು ಬೇರೆ ಏನು ಹೇಳಿಯಾರು?

ಮೈಸೂರು ಹಾಸ್ಟೆಲ್‌ಗಳ ಊರೂ ಹೌದು. ಪಿಯುಸಿ, ನೀಟ್ ತರಬೇತಿ, ಎಂಜಿನಿಯರಿಂಗ್ ಎಂದು ಸುತ್ತಲಿನ ಜಿಲ್ಲೆಗಳಿಂದ ಬರುವ ಮಕ್ಕಳು ಹದಿನಾರು ಹದಿನೇಳಕ್ಕೇ ಮನೆಯೂಟದಿಂದ ದೂರವಾಗುತ್ತಾರೆ. ಈ ಕಾಯಿಲೆಗಳಲ್ಲಿ ಹಲವು ತಲೆದೋರುವುದೂ ಹೆಚ್ಚಾಗಿ ಹರೆಯದಲ್ಲೇ. ಹಬ್ಬಕ್ಕೆ ಊರಿಗೆ ಬಂದ ಮಗಳ ಬಳೆ ಮೊಣಕೈವರೆಗೆ ಜಾರುವುದನ್ನು ಕಂಡು ಓದಿನ ಒತ್ತಡವಿರಬೇಕು ಎಂದುಕೊಳ್ಳುವ ತಂದೆ ತಾಯಿ ಎಷ್ಟೋ ಮಂದಿ. ಆಸ್ಪತ್ರೆಗೆ ಹೋದರೆ ಅಲ್ಲಿ ಏನು ಕೇಳುತ್ತಾರೆ, ಏಕೆ ಕೇಳುತ್ತಾರೆ, ಯಾವ ಉತ್ತರದಿಂದ ಯಾವ ತೀರ್ಮಾನಕ್ಕೆ ಬರುತ್ತಾರೆ ಎಂಬುದು ಅವರಿಗೆ ಮೊದಲೇ ತಿಳಿದಿದ್ದರೆ ಅರ್ಧ ಭಯ ಕಳೆಯುತ್ತದೆ.

ಯಾವುದು ಕಾಯಿಲೆ, ಯಾವುದು ಅಲ್ಲ

ಊಟದಲ್ಲಿ ಚೌಕಾಶಿ ಮಾಡುವ ಮಗು, ಮದುವೆಗೆ ಮುಂಚೆ ಸಣ್ಣಗಾಗಬೇಕೆಂದು ಅನ್ನ ಬಿಟ್ಟ ಹುಡುಗಿ, ಸಕ್ಕರೆ ಕಾಯಿಲೆಗೆ ಹೆದರಿ ರಾತ್ರಿ ಚಪಾತಿಗೆ ಇಳಿದ ನಿವೃತ್ತ ಮೇಷ್ಟ್ರು, ಇವರಾರೂ ರೋಗಿಗಳಲ್ಲ. ತಿನ್ನುವ ರೀತಿ, ಅಥವಾ ತಿನ್ನುವುದರ ಬಗೆಗಿನ ಯೋಚನೆ, ಬಹುಕಾಲ ಕೆಟ್ಟೇ ಉಳಿದು ದೇಹಕ್ಕೋ ದಿನನಿತ್ಯದ ಬಾಳಿಗೋ ಪೆಟ್ಟು ಕೊಡತೊಡಗಿದಾಗ, ಬೇಕೆಂದರೂ ಅದನ್ನು ಬಿಡಲಾಗದಂತಾದಾಗ ಅದು ಕಾಯಿಲೆ.

ಈ ಗುಂಪಿನ ಕಾಯಿಲೆಗಳನ್ನು ಬೇರ್ಪಡಿಸಲು ವೈದ್ಯರು ಎರಡು ಕೈಪಿಡಿಗಳನ್ನು ನೆಚ್ಚುತ್ತಾರೆ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ಡಿಎಸ್‌ಎಂ-5 ಒಂದು. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಇನ್ನೊಂದು. ಇದು 2022ರ ಜನವರಿಯಿಂದ ಜಾರಿಯಲ್ಲಿದೆ. ಎರಡರಲ್ಲೂ ಮುಖ್ಯವಾಗಿ ಆರು ಹೆಸರುಗಳಿವೆ: ಅನೊರೆಕ್ಸಿಯಾ ನರ್ವೋಸಾ, ಬುಲಿಮಿಯಾ ನರ್ವೋಸಾ, ಬಿಂಜ್ ಈಟಿಂಗ್ ಡಿಸಾರ್ಡರ್, ಆರ್ಫಿಡ್, ಪೈಕಾ, ರುಮಿನೇಷನ್. ಯಾವುದಕ್ಕೂ ಪೂರ್ತಿ ಹೊಂದದೆ ನರಳುವವರಿಗಾಗಿ "ಇತರೆ" ಎಂಬ ಏಳನೆಯ ಗುಂಪಿದೆ. "ಇತರೆ" ಎಂದರೆ ಹಗುರ ಎಂದು ಅರ್ಥವಲ್ಲ. ಅದರಲ್ಲಿ ಬರುವವರಿಗೂ ಆಸ್ಪತ್ರೆಗೆ ದಾಖಲಾಗುವ ಸ್ಥಿತಿ ಬರಬಹುದು.

ಈ ಹೆಸರುಗಳನ್ನು ಬೇರೆ ಮಾಡುವ ಪ್ರಶ್ನೆಗಳು ಬೆರಳೆಣಿಕೆಯಷ್ಟು. ತೂಕ ಯಾವ ದಿಕ್ಕಿನಲ್ಲಿ ಸಾಗುತ್ತಿದೆ? ಮಿತಿಮೀರಿ ತಿನ್ನುವ ಹೊತ್ತುಗಳಿವೆಯೆ? ತಿಂದದ್ದನ್ನು ಹೊರಹಾಕುವ ಪ್ರಯತ್ನ ಇದೆಯೆ? ಎಲ್ಲಕ್ಕಿಂತ ಮುಖ್ಯವಾಗಿ, ಊಟ ಬಿಡುವುದರ ಹಿಂದಿನ ಕಾರಣ ಏನು? ತಟ್ಟೆಯಲ್ಲಿ ಉಳಿದ ಅನ್ನ ನೋಡಲು ಒಂದೇ ತೆರ. ಅದನ್ನು ಉಳಿಸಿದ ಕಾರಣ ಒಬ್ಬೊಬ್ಬರದು ಒಂದೊಂದು, ಮತ್ತು ಕಾಯಿಲೆಯ ಹೆಸರು ನಿಲ್ಲುವುದು ಆ ಕಾರಣದ ಮೇಲೆ.

ತೂಕ ಎಷ್ಟಿದೆ, ಎಲ್ಲಿಂದ ಇಳಿಯಿತು

ಮಂಡ್ಯದ ರೈತರಿಗೆ ಕೆಆರ್‌ಎಸ್ ಅಣೆಕಟ್ಟೆಯ ಲೆಕ್ಕ ಬಾಯಿಪಾಠ. ಗರಿಷ್ಠ ಮಟ್ಟ 124.80 ಅಡಿ. ಇವತ್ತು 110 ಅಡಿ ಇದೆ ಎಂದಷ್ಟೇ ಹೇಳಿದರೆ ಯಾರೂ ಸಮಾಧಾನಪಡುವುದಿಲ್ಲ. ಒಳಹರಿವು ಎಷ್ಟು, ಹೊರಹರಿವು ಎಷ್ಟು, ಹೋದ ವಾರ ಎಷ್ಟಿತ್ತು ಎಂದು ಕೇಳುತ್ತಾರೆ. ತಿಳಿದ ವೈದ್ಯರು ತೂಕವನ್ನು ನೋಡುವುದೂ ಹೀಗೆಯೇ.

ಎತ್ತರಕ್ಕೆ ತಕ್ಕ ತೂಕವನ್ನು ಅಳೆಯಲು ಬಿಎಂಐ ಎಂಬ ಲೆಕ್ಕವಿದೆ: ಕಿಲೋ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸುವುದು. ವಯಸ್ಕರಲ್ಲಿ ಅದು 18.5ಕ್ಕಿಂತ ಕೆಳಗಿದ್ದರೆ ಕಡಿಮೆ ತೂಕ ಎಂದು ಐಸಿಡಿ-11 ಎಣಿಸುತ್ತದೆ. ಆದರೆ ನಮ್ಮಲ್ಲಿ ಹುಟ್ಟಾ ಸಣಕಲು ದೇಹದವರು ಹೇರಳ. ಚೆನ್ನಾಗಿ ಉಂಡು ಗದ್ದೆ ಕೆಲಸ ಮಾಡಿಕೊಂಡು ತಿಂಗಳ ಮುಟ್ಟು ಸರಿಯಾಗಿರುವ ಹೆಣ್ಣುಮಗಳ ಬಿಎಂಐ 18 ಇದ್ದ ಮಾತ್ರಕ್ಕೆ ಅದು, ತೂಕ ಏರುವ ಭಯಕ್ಕೆ ಊಟ ಬಿಡುವ ಕಾಯಿಲೆಯಾದ ಅನೊರೆಕ್ಸಿಯಾ ಆಗುವುದಿಲ್ಲ. ತಿರುಗಿಸಿ ನೋಡಿದರೆ, 82 ಕಿಲೋ ಇದ್ದ ಹುಡುಗನೊಬ್ಬ ಐದು ತಿಂಗಳಲ್ಲಿ 61ಕ್ಕೆ ಇಳಿದಿದ್ದಾನೆ ಎನ್ನಿ. ಕನ್ನಡಿಯಲ್ಲಿ ಅವನು ಸರಿಯಾಗಿಯೇ ಕಾಣುತ್ತಾನೆ, ನೆಂಟರು ಹೊಗಳುತ್ತಾರೆ. ಒಳಗೆ ನಾಡಿ ನಿಧಾನವಾಗಿರಬಹುದು, ಎದ್ದು ನಿಂತಾಗ ಕಣ್ಣು ಕತ್ತಲಿಡಬಹುದು. ತೂಕ ಸಾಮಾನ್ಯ ಮಟ್ಟದಲ್ಲಿದ್ದೂ ಅನೊರೆಕ್ಸಿಯಾದ ಉಳಿದೆಲ್ಲ ಲಕ್ಷಣ ಇರುವವರನ್ನು ಡಿಎಸ್‌ಎಂ-5 "ಅಟಿಪಿಕಲ್ ಅನೊರೆಕ್ಸಿಯಾ" ಎಂದು ಗುರುತಿಸುತ್ತದೆ. ಆರು ತಿಂಗಳೊಳಗೆ ದೇಹದ ತೂಕದ ಐದನೇ ಒಂದು ಭಾಗಕ್ಕಿಂತ ಹೆಚ್ಚು ಕಳೆದುಹೋಗಿದ್ದು ಉಳಿದ ಲಕ್ಷಣಗಳೂ ಇದ್ದರೆ, ಬಿಎಂಐ ತಗ್ಗಿರಲೇಬೇಕೆಂದಿಲ್ಲ ಎನ್ನುತ್ತದೆ ಐಸಿಡಿ-11. ದಪ್ಪಗಿದ್ದವರು ಸಣ್ಣಗಾದರೆ ಅದು ಒಳ್ಳೆಯದೇ ಎಂಬ ನಮ್ಮ ಎಣಿಕೆಯಿಂದಾಗಿ ಇಂಥವರು ತಡವಾಗಿ ಆಸ್ಪತ್ರೆ ಸೇರುತ್ತಾರೆ. ಇದು ನನ್ನನ್ನು ಬಹಳ ಕಾಡುವ ಸಂಗತಿ.

ಮಕ್ಕಳ ವಿಷಯದಲ್ಲಿ ಬಿಎಂಐ ಅಂಕಿಗಿಂತ ಬೆಳವಣಿಗೆಯ ಪಟ್ಟಿ ಹೆಚ್ಚು ಉಪಯುಕ್ತ. 5ರಿಂದ 18 ವರ್ಷದ ಭಾರತೀಯ ಮಕ್ಕಳಿಗೆಂದೇ ಮಕ್ಕಳ ವೈದ್ಯರ ಸಂಘ 2015ರಲ್ಲಿ ಪರಿಷ್ಕರಿಸಿದ ಪಟ್ಟಿಗಳಿವೆ. ಅದರಲ್ಲಿ ಬಾಗಿದ ಗೆರೆಗಳು ಮೇಲಕ್ಕೆ ಏರುತ್ತಾ ಹೋಗುತ್ತವೆ; ಪ್ರತಿ ಮಗುವೂ ಸುಮಾರಾಗಿ ತನ್ನದೇ ಒಂದು ಗೆರೆ ಹಿಡಿದು ಬೆಳೆಯುತ್ತದೆ. ಎಂಟನೇ ತರಗತಿಯಲ್ಲಿ ನಡುಗೆರೆಯಲ್ಲಿದ್ದ ಹುಡುಗಿಯ ತೂಕ ಹತ್ತನೇ ತರಗತಿಗೆ ಬರುವಾಗ ಎರಡು ಗೆರೆ ಕೆಳಗಿದ್ದರೆ, ತಕ್ಕಡಿಯ ಮೇಲೆ ಅವಳು ಒಂದು ಕಿಲೋ ಕೂಡ ಕಳೆದುಕೊಂಡಿರದಿದ್ದರೂ, ಬೆಳೆಯಬೇಕಾದ ದೇಹ ನಿಂತುಹೋಗಿದೆ ಎಂದೇ ಅರ್ಥ. ಶಾಲೆಯ ಹಳೆಯ ಆರೋಗ್ಯ ಕಾರ್ಡು ಮನೆಯಲ್ಲಿದ್ದರೆ ಅದನ್ನು ಎಸೆಯಬೇಡಿ ಎನ್ನುವುದು ಇದಕ್ಕೇ.

ಅನೊರೆಕ್ಸಿಯಾ: ಭಯವನ್ನು ಬಾಯಿಬಿಟ್ಟು ಹೇಳದಿದ್ದರೂ

ಅನೊರೆಕ್ಸಿಯಾ ನರ್ವೋಸಾ ಎಂಬ ಹೆಸರು ಕೊಟ್ಟವರು ಲಂಡನ್ನಿನ ವೈದ್ಯ ವಿಲಿಯಂ ಗಲ್, 1870ರ ದಶಕದಲ್ಲಿ. ಅದೇ ಹೊತ್ತಿನಲ್ಲಿ ಪ್ಯಾರಿಸ್ಸಿನ ಲಾಸೆಗ್ ಕೂಡ ಇದನ್ನೇ ವಿವರಿಸಿದ್ದರು. ಇಂದಿನ ವ್ಯಾಖ್ಯೆಯಲ್ಲಿ ಮೂರು ಅಂಶಗಳಿವೆ. ದೇಹಕ್ಕೆ ಬೇಕಾದುದಕ್ಕಿಂತ ಕಡಿಮೆ ತಿಂದು ತೂಕ ಅಪಾಯದ ಮಟ್ಟಕ್ಕೆ ಇಳಿದಿರುವುದು. ತೂಕ ಏರುವ ತೀವ್ರ ಭಯ. ತನ್ನ ದೇಹದ ಆಕಾರ ತನಗೇ ಸರಿಯಾಗಿ ಕಾಣದಿರುವುದು, ಅಥವಾ ಸ್ಥಿತಿ ಎಷ್ಟು ಗಂಭೀರ ಎಂಬುದು ಮನಸ್ಸಿಗೆ ಹತ್ತದಿರುವುದು. ಹಿಂದೆ ಮುಟ್ಟು ನಿಂತಿರಬೇಕು ಎಂಬ ನಿಯಮವೂ ಇತ್ತು. ಡಿಎಸ್‌ಎಂ-5 ಅದನ್ನು ಕೈಬಿಟ್ಟಿತು, ಏಕೆಂದರೆ ಆ ನಿಯಮದಿಂದಾಗಿ ಗಂಡಸರು, ಇನ್ನೂ ಮೈನೆರೆಯದ ಹುಡುಗಿಯರು, ಮುಟ್ಟು ನಿಂತ ವಯಸ್ಸಿನವರು ಹೊರಗುಳಿಯುತ್ತಿದ್ದರು. ಇಷ್ಟಾದರೂ ಮುಟ್ಟಿನ ದಿನಾಂಕವನ್ನು ವೈದ್ಯರು ಕೇಳಿಯೇ ಕೇಳುತ್ತಾರೆ; ದೇಹ ಎಷ್ಟು ಬರಿದಾಗಿದೆ ಎಂಬುದಕ್ಕೆ ಅದು ಸುಳಿವು.

ನಮ್ಮ ಕಡೆ ತೊಡಕಾಗುವುದು ಎರಡನೆಯ ಅಂಶ. "ದಪ್ಪ ಆಗುತ್ತೇನೆಂಬ ಭಯ" ಎಂದು ಬಾಯಿಬಿಟ್ಟು ಹೇಳುವವರು ಎಲ್ಲ ಕಡೆಯೂ ಸಿಗುವುದಿಲ್ಲ. ಹೊಟ್ಟೆ ಉಬ್ಬರ, ಎರಡು ತುತ್ತಿಗೇ ಹೊಟ್ಟೆ ತುಂಬುತ್ತದೆ, ಗ್ಯಾಸ್ಟ್ರಿಕ್, ಊಟ ಸೇರುವುದಿಲ್ಲ, ಹೀಗೆ ಹೊಟ್ಟೆಯ ಭಾಷೆಯಲ್ಲೇ ಕಷ್ಟ ಹೇಳಿಕೊಳ್ಳುವವರಿದ್ದಾರೆ. ಹಾಂಗ್‌ಕಾಂಗ್‌ನ ಮನೋವೈದ್ಯ ಸಿಂಗ್ ಲೀ 1990ರ ದಶಕದಲ್ಲಿ ಇಂಥ ರೋಗಿಗಳ ಬಗ್ಗೆ ವಿವರವಾಗಿ ಬರೆದರು. ಭಾರತದ ವೈದ್ಯರೂ ಇಂಥವರನ್ನು ದಾಖಲಿಸಿದ್ದಾರೆ. ಭಯ ಹೇಳಿಕೊಳ್ಳದಿದ್ದರೂ ತೂಕ ಏರದಂತೆ ತಡೆಯುವ ನಡವಳಿಕೆ ಬಿಡದೆ ಮುಂದುವರಿದಿದ್ದರೆ ಸಾಕು ಎಂದು ಡಿಎಸ್‌ಎಂ-5 ಸೇರಿಸಿತು. ಹಾಗಾಗಿ ಅನುಭವಿ ವೈದ್ಯರು "ದಪ್ಪ ಆಗಲು ಭಯವೆ?" ಎಂದು ನೇರವಾಗಿ ಕೇಳಿ ಅಲ್ಲಿಗೇ ಬಿಡುವುದಿಲ್ಲ. "ಈಗ ಎರಡು ಕಿಲೋ ಹೆಚ್ಚಾದರೆ ನಿನಗೆ ಹೇಗನ್ನಿಸುತ್ತದೆ?" ಎಂದು ಕೇಳಿ ಮುಖ ನೋಡುತ್ತಾರೆ. ಹೊಟ್ಟೆನೋವಿನಿಂದಲೇ ತಿನ್ನಲಾಗದವರು ಆ ಮಾತಿಗೆ ಸಂತೋಷಪಡುತ್ತಾರೆ.

ಉಪವಾಸದ ಮಾತು ಇಲ್ಲಿ ಬಂದೇ ಬರುತ್ತದೆ. ಸೋಮವಾರ ಒಪ್ಪೊತ್ತು, ಶನಿವಾರ ಫಲಾಹಾರ, ಏಕಾದಶಿ, ರಂಜಾನ್, ಪರ್ಯೂಷಣ, ಇವೆಲ್ಲ ನಮ್ಮ ಬದುಕಿನ ಭಾಗ. ವೈದ್ಯರು ಇವನ್ನು ಅನುಮಾನದಿಂದ ನೋಡುವುದಿಲ್ಲ. ಅವರು ಗಮನಿಸುವುದು ಉಪವಾಸ ಮುಗಿಯುವ ಗಳಿಗೆಯನ್ನು. ಏಕಾದಶಿ ಮಾಡಿದವರು ದ್ವಾದಶಿಯ ಬೆಳಿಗ್ಗೆ ಪಾರಣೆಗೆ ಕಾದಿರುತ್ತಾರೆ. ಎಲೆಯ ಮುಂದೆ ಕುಳಿತಾಗ ಅವರಿಗೆ ನೆಮ್ಮದಿ. ಪಾರಣೆಯ ದಿನವೂ ನೆಪ ಹುಡುಕುವುದು, ವಾರಕ್ಕೆ ಒಂದಿದ್ದ ವ್ರತ ಮೂರಾಗುವುದು, ಮನೆಯಲ್ಲಿ ಯಾರೂ ಹಿಡಿಯದ ಹೊಸ ವ್ರತ ಹಿಡಿಯುವುದು, ಫಲಾಹಾರದ ದಿನ ಬಾಳೆಹಣ್ಣನ್ನೂ ಅಳೆದು ತಿನ್ನುವುದು, ಅನ್ನ ಮುಟ್ಟಬೇಕಾಗಿ ಬಂದಾಗ ಕಣ್ಣೀರು ಬರುವುದು, ಇವು ಬೇರೆಯ ಸೂಚನೆ.

ಮಗುವಿನೊಡನೆ ವೈದ್ಯರು ಒಂದಿಷ್ಟು ಹೊತ್ತು ಒಂಟಿಯಾಗಿ ಮಾತನಾಡಬೇಕೆಂದಾಗ ತಂದೆ ತಾಯಿಗೆ ಬೇಸರವಾಗುವುದುಂಟು. ದಯವಿಟ್ಟು ಒಪ್ಪಿಕೊಳ್ಳಿ. "ನಿನ್ನೆ ಎದ್ದಾಗಿನಿಂದ ಮಲಗುವವರೆಗೆ ಏನೇನು ತಿಂದೆ, ಎಲ್ಲಿ ಕೂತು ತಿಂದೆ, ಆಮೇಲೆ ಏನು ಮಾಡಿದೆ?" ಎಂಬ ಸರಳ ಪ್ರಶ್ನೆಗೆ ಅಮ್ಮನ ಎದುರು ಒಂದು ಉತ್ತರ, ಅಮ್ಮ ಹೊರಗೆ ಹೋದ ಮೇಲೆ ಇನ್ನೊಂದು ಉತ್ತರ ಬರುತ್ತದೆ. ಅಮ್ಮನೂ ಒಂಟಿಯಾಗಿ ಹೇಳಬೇಕಾದದ್ದು ಇರುತ್ತದೆ: ಬಚ್ಚಲಲ್ಲಿ ಬಹಳ ಹೊತ್ತು ನಲ್ಲಿ ತಿರುಗಿಸಿಟ್ಟಿರುವುದು, ಶಾಲೆಯಿಂದ ಹಾಗೇ ತುಂಬಿ ಬರುವ ಟಿಫಿನ್ ಡಬ್ಬಿ.

ಬೀಗರ ಊಟ ಮತ್ತು ಬಿಂಜ್

ಅತಿಯಾಗಿ ತಿನ್ನುವುದು ಎಂದರೆ ಎಷ್ಟು? ಮಂಡ್ಯದ ಬೀಗರ ಊಟದಲ್ಲಿ ಮುದ್ದೆಯ ಮೇಲೆ ಮುದ್ದೆ, ಸಾರು, ಚಾಪ್ಸು, ಅನ್ನ ಎಂದು ನಾಲ್ಕು ಪಟ್ಟು ಉಂಡವರಿಗೆ ಯಾವ ಕಾಯಿಲೆಯೂ ಇಲ್ಲ. ಪಕ್ಕದ ಎಲೆಯವರೂ ಅಷ್ಟೇ ಉಂಡಿರುತ್ತಾರೆ. ಮುದ್ದೆ ತಿನ್ನುವ ಸ್ಪರ್ಧೆಗೆ ಇಳಿದವನೂ ರೋಗಿಯಲ್ಲ. ಗೆಲ್ಲಬೇಕೆಂದು ತಿಂದ, ಸಾಕೆನಿಸಿದಾಗ ಎದ್ದ.

ವೈದ್ಯರು "ಬಿಂಜ್" ಎನ್ನಬೇಕಾದರೆ ಎರಡು ಸಂಗತಿ ಒಟ್ಟಿಗೆ ಇರಬೇಕು ಎನ್ನುತ್ತದೆ ಡಿಎಸ್‌ಎಂ-5. ಸುಮಾರು ಎರಡು ಗಂಟೆಯೊಳಗೆ, ಅಂಥದೇ ಸಂದರ್ಭದಲ್ಲಿ ಬೇರೆಯವರು ತಿನ್ನುವುದಕ್ಕಿಂತ ನಿಚ್ಚಳವಾಗಿ ಹೆಚ್ಚು ತಿಂದಿರಬೇಕು. ತಿನ್ನುವಾಗ ಹಿಡಿತ ತಪ್ಪಿದ ಅನುಭವ ಆಗಿರಬೇಕು: ನಿಲ್ಲಿಸಬೇಕೆಂದರೂ ನಿಲ್ಲಿಸಲಾಗದಿರುವುದು. "ಸಂದರ್ಭ" ಎಂಬುದರಲ್ಲೇ ಬೀಗರ ಊಟ ಹೊರಗುಳಿಯುತ್ತದೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಅಡುಗೆಮನೆಯ ದೀಪ ಹಾಕದೆ, ಹಸಿವಿಲ್ಲದಿದ್ದರೂ, ಡಬ್ಬಿಯಲ್ಲಿದ್ದ ಚಕ್ಕುಲಿ, ಉಳಿದ ಅನ್ನ, ಬ್ರೆಡ್ಡು, ಬೆಲ್ಲ ಎಲ್ಲವನ್ನೂ ರುಚಿ ನೋಡದೆ ಗಬಗಬನೆ ತಿಂದು, ಹೊಟ್ಟೆ ಬಿರಿಯುವಂತಾದ ಮೇಲೆ ತನ್ನ ಬಗ್ಗೆಯೇ ಹೇಸಿಗೆಪಟ್ಟು ಅಳುವುದು ಬಿಂಜ್‌ನ ನಿಜವಾದ ಚಿತ್ರ.

ಒಬ್ಬ ಹುಡುಗಿ ಎರಡು ಚಪಾತಿ ತಿಂದು "ನಿನ್ನೆ ಹುಚ್ಚುಹಿಡಿದಂತೆ ತಿಂದುಬಿಟ್ಟೆ" ಎಂದರೆ? ಪ್ರಮಾಣ ಸಾಮಾನ್ಯ, ಆದರೆ ಹಿಡಿತ ತಪ್ಪಿದ ಭಾವ ನಿಜ. ಡಿಎಸ್‌ಎಂ-5ರ ಲೆಕ್ಕದಲ್ಲಿ ಇದು ಬಿಂಜ್ ಅಲ್ಲ. ಐಸಿಡಿ-11 ಹಿಡಿತ ತಪ್ಪಿದ ಅನುಭವಕ್ಕೆ ಹೆಚ್ಚು ತೂಕ ಕೊಟ್ಟು ಇದನ್ನೂ ಒಳಗೊಳ್ಳುತ್ತದೆ. ಅದಕ್ಕಾಗಿಯೇ ವೈದ್ಯರು "ಬಹಳ ತಿಂದೆ" ಎಂಬ ಮಾತಿಗೆ ತೃಪ್ತರಾಗದೆ ಏನು, ಎಷ್ಟು, ಯಾವ ತಟ್ಟೆಯಲ್ಲಿ ಎಂದು ಬಿಡಿಸಿ ಬಿಡಿಸಿ ಕೇಳುತ್ತಾರೆ.

ಬಿಂಜ್ ಇದೆ ಎಂದಾದ ಮೇಲೆ ಮುಂದಿನ ಕವಲು, ಆಮೇಲೆ ಏನು ಮಾಡುತ್ತೀರಿ ಎಂಬುದು. ತಿಂದದ್ದನ್ನು ಸರಿದೂಗಿಸಲು ವಾಂತಿ, ಭೇದಿ ಮಾತ್ರೆ, ಮರುದಿನವೆಲ್ಲ ಉಪವಾಸ, ಮೈ ಮುರಿಯುವಷ್ಟು ವ್ಯಾಯಾಮ ಪದೇ ಪದೇ ನಡೆಯುತ್ತಿದ್ದು, ತನ್ನ ಬೆಲೆಯೆಲ್ಲ ಮೈಕಟ್ಟಿನಲ್ಲೇ ಇದೆ ಎಂಬ ಭಾವನೆ ಗಟ್ಟಿಯಾಗಿದ್ದರೆ ಅದು ಬುಲಿಮಿಯಾ. ಬ್ರಿಟನ್ನಿನ ಜೆರಾಲ್ಡ್ ರಸೆಲ್ 1979ರಲ್ಲಿ ಇದನ್ನು ಮೊದಲು ಬೇರೆಯಾಗಿ ವಿವರಿಸಿದರು. ಸರಿದೂಗಿಸುವ ಇಂಥ ನಡೆಗಳಿಲ್ಲದೆ ಬಿಂಜ್ ಮಾತ್ರ ಇದ್ದರೆ ಬಿಂಜ್ ಈಟಿಂಗ್ ಡಿಸಾರ್ಡರ್; ಇದಕ್ಕೆ ಪೂರ್ಣ ಪ್ರಮಾಣದ ಕಾಯಿಲೆಯ ಸ್ಥಾನ ಸಿಕ್ಕಿದ್ದು 2013ರಲ್ಲಿ. ಎರಡಕ್ಕೂ ಡಿಎಸ್‌ಎಂ-5 ಕೇಳುವ ಅವಧಿ ಒಂದೇ: ಸರಾಸರಿ ವಾರಕ್ಕೊಮ್ಮೆಯಾದರೂ, ಮೂರು ತಿಂಗಳ ಕಾಲ.

ಬುಲಿಮಿಯಾ ಇರುವವರ ತೂಕ ಹೆಚ್ಚಾಗಿ ಸಾಮಾನ್ಯವೇ. ಆದ್ದರಿಂದ ಮನೆಯವರಿಗೆ ವರ್ಷಗಟ್ಟಲೆ ಗೊತ್ತಾಗುವುದಿಲ್ಲ. ಮೊದಲು ಅನುಮಾನ ಬರುವುದು ಕೆಲವೊಮ್ಮೆ ಹಲ್ಲಿನ ಡಾಕ್ಟರಿಗೆ: ಹೊಟ್ಟೆಯ ಆಮ್ಲ ಮೇಲೆ ಬಂದು ಬಂದು ಹಲ್ಲಿನ ಒಳಬದಿಯ ಹೊಳಪು ಸವೆದಿರುತ್ತದೆ. ದವಡೆಯ ಬದಿ ಜೊಲ್ಲುಗ್ರಂಥಿಗಳು ಊದಿ ಕೆನ್ನೆ ತುಂಬಿದಂತೆ ಕಾಣಬಹುದು. ಬೆರಳ ಗೆಣ್ಣಿನ ಮೇಲೆ ಜಡ್ಡುಗಟ್ಟಿರಬಹುದು. ಬರಿಗಣ್ಣಿಗೆ ಕಾಣದ ಅಪಾಯ ರಕ್ತದಲ್ಲಿ: ಪದೇ ಪದೇ ವಾಂತಿಯಾದರೆ ಪೊಟ್ಯಾಸಿಯಂ ಇಳಿದು ಹೃದಯದ ಬಡಿತ ತಾಳ ತಪ್ಪಬಹುದು.

ಬಿಂಜ್ ಮತ್ತು ವಾಂತಿ ಅನೊರೆಕ್ಸಿಯಾದಲ್ಲೂ ಇರಬಹುದು. ಆಗ ಎರಡು ಹೆಸರು ಒಟ್ಟಿಗೆ ಕೊಡುವುದಿಲ್ಲ. ತೂಕ ಅಪಾಯದಷ್ಟು ಕಡಿಮೆ ಇದ್ದರೆ ಅನೊರೆಕ್ಸಿಯಾ ಎಂಬ ಹೆಸರೇ ನಿಲ್ಲುತ್ತದೆ, ಏಕೆಂದರೆ ಮೊದಲು ಕಾಪಾಡಬೇಕಾದದ್ದು ಜೀವ. ಕಾಲ ಕಳೆದಂತೆ ಒಬ್ಬರೇ ಒಂದು ಹೆಸರಿನಿಂದ ಇನ್ನೊಂದಕ್ಕೆ ದಾಟುವುದೂ ಉಂಟು.

ದಪ್ಪಗಾಗುವ ಚಿಂತೆಯೇ ಇಲ್ಲದವರು

ಆರ್ಫಿಡ್ ಎಂದು ಚಿಕ್ಕದಾಗಿ ಕರೆಯುವ ಕಾಯಿಲೆಯಲ್ಲೂ ಮಗು ಸೊರಗುತ್ತದೆ, ಆದರೆ ಮೈಕಟ್ಟಿನ ಯೋಚನೆ ಅದಕ್ಕೆ ಇರುವುದಿಲ್ಲ. ಕೆಲವರಿಗೆ ಆಹಾರದ ಮೆದು, ಅಂಟು, ವಾಸನೆ ತಡೆಯಲಾಗದು. ಮುದ್ದೆಯ ನುಣುಪು ನಾಲಿಗೆಗೆ ತಾಗಿದರೆ ಉಬ್ಬಳಿಕೆ. ಕೆಲವರಿಗೆ ಹಸಿವು, ಊಟ ಎಂಬ ಆಸಕ್ತಿಯೇ ಕಡಿಮೆ. ಇನ್ನು ಕೆಲವರಿಗೆ ಒಮ್ಮೆ ಗಂಟಲಲ್ಲಿ ಸಿಕ್ಕಿಕೊಂಡದ್ದೋ, ಜೋರಾಗಿ ವಾಂತಿಯಾದದ್ದೋ ಮನಸ್ಸಿನಲ್ಲಿ ಕೂತು, ಗಟ್ಟಿ ಆಹಾರ ನುಂಗಲು ಭಯ. ಆಟಿಸಂ ಇರುವ ಮಕ್ಕಳಲ್ಲಿ ಇದು ಹೆಚ್ಚು ಕಾಣುತ್ತದೆ. ತೂಕ ಇಳಿಯುವುದು, ಪೌಷ್ಟಿಕಾಂಶದ ಕೊರತೆ, ಊಟಕ್ಕೆ ಬದಲು ಪೌಷ್ಟಿಕ ಪುಡಿಯನ್ನೇ ನೆಚ್ಚಬೇಕಾಗುವುದು, ನೆಂಟರಮನೆಗೆ ಹೋಗಲಾಗದಂತಾಗುವುದು, ಇವುಗಳಲ್ಲಿ ಒಂದಾದರೂ ಇದ್ದಾಗ ಇದು ಬರೀ ಹಠ ಎಂಬುದನ್ನು ದಾಟುತ್ತದೆ.

ನುಂಗುವ ಭಯ ಎಂದಾಗ ನುಂಗುವ ಯಂತ್ರವೇ ಸರಿಯಿದೆಯೆ ಎಂದು ಮೊದಲು ನೋಡಬೇಕು. ಈ ವಿಷಯದಲ್ಲಿ ಮೈಸೂರಿನವರಿಗೆ ಅನುಕೂಲವಿದೆ: ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಮಾತಿನ ತೊಂದರೆಯಷ್ಟೇ ಅಲ್ಲದೆ ನುಂಗುವ ತೊಂದರೆಯನ್ನೂ ಪರೀಕ್ಷಿಸುತ್ತಾರೆ.

ಪೈಕಾ ಎಂದರೆ ಆಹಾರವಲ್ಲದ್ದನ್ನು ಕನಿಷ್ಠ ಒಂದು ತಿಂಗಳ ಕಾಲ ತಿನ್ನುತ್ತಿರುವುದು: ಮಣ್ಣು, ಬಳಪ, ಸುಣ್ಣದ ಗೋಡೆಯ ಚಕ್ಕೆ, ಇದ್ದಿಲು. ಎರಡು ವರ್ಷದೊಳಗಿನ ಮಗು ಕಂಡದ್ದೆಲ್ಲ ಬಾಯಿಗಿಡುವುದು ಇದಲ್ಲ. ಬಸುರಿಯರು ಮಣ್ಣು ತಿನ್ನುವುದನ್ನು ನಾವು ಬಯಕೆ ಎಂದು ನಕ್ಕು ಬಿಡುತ್ತೇವೆ; ವೈದ್ಯರು ಹಿಮೋಗ್ಲೋಬಿನ್ ನೋಡುತ್ತಾರೆ, ಏಕೆಂದರೆ ಕಬ್ಬಿಣದ ಕೊರತೆಗೂ ಪೈಕಾಕ್ಕೂ ಹತ್ತಿರದ ನಂಟು. ರುಮಿನೇಷನ್‌ನಲ್ಲಿ ಉಂಡದ್ದು ಓಕರಿಕೆಯಿಲ್ಲದೆ ಬಾಯಿಗೆ ವಾಪಸು ಬರುತ್ತದೆ, ಅದನ್ನು ಮತ್ತೆ ಅಗಿದು ನುಂಗುವುದೋ ಉಗಿಯುವುದೋ ನಡೆಯುತ್ತದೆ. ಜಠರದ ಕಾಯಿಲೆಯಲ್ಲ ಎಂದು ಖಚಿತವಾದ ಮೇಲೆಯೇ ಈ ಹೆಸರು.

ಬೇರೆ ಕಾಯಿಲೆ ಇದೇ ರೂಪದಲ್ಲಿ ಬಂದಾಗ

ತೂಕ ಇಳಿದು ಬಂದವರಿಗೆ ನಮ್ಮ ದೇಶದಲ್ಲಿ ಮೊದಲು ನೋಡಬೇಕಾದದ್ದು ಕ್ಷಯ. ಆಮೇಲೆ ಥೈರಾಯ್ಡ್, ಸಕ್ಕರೆ ಕಾಯಿಲೆ, ಕರುಳಿನ ಉರಿಯೂತ, ಗೋಧಿ ಒಗ್ಗದ ಸೀಲಿಯಾಕ್. ರಕ್ತ ಪರೀಕ್ಷೆ, ಇಸಿಜಿ, ಮಲಗಿದಾಗಲೂ ನಿಂತಾಗಲೂ ನಾಡಿ ಮತ್ತು ಬಿಪಿ ನೋಡುವುದು ಇದಕ್ಕೇ. ಒಂದು ಎಚ್ಚರಿಕೆ: ವರದಿಯೆಲ್ಲ ನಾರ್ಮಲ್ ಬಂದರೆ ಏನೂ ಆಗಿಲ್ಲ ಎಂದು ತಿಳಿಯಬಾರದು. ಹಸಿದ ದೇಹ ರಕ್ತದ ಮಟ್ಟಗಳನ್ನು ಕೊನೆಯವರೆಗೂ ಕಾಯ್ದುಕೊಳ್ಳಲು ಹೆಣಗುತ್ತದೆ.

ಮನಸ್ಸಿನ ಬೇರೆ ಕಾಯಿಲೆಗಳನ್ನೂ ಬಿಡಿಸಬೇಕು. ಖಿನ್ನತೆಯಲ್ಲಿ ಸಾಮಾನ್ಯವಾಗಿ ಹಸಿವೇ ಸತ್ತುಹೋಗುತ್ತದೆ. ಅನೊರೆಕ್ಸಿಯಾದಲ್ಲಿ ಹಸಿವು ಒಳಗೆ ಸುಡುತ್ತಲೇ ಇರುತ್ತದೆ, ಅದನ್ನು ಅದುಮಿಡುವುದು ನಡೆಯುತ್ತದೆ. ಅಂಥವರು ಮನೆಮಂದಿಗೆಲ್ಲ ಅಚ್ಚುಕಟ್ಟಾಗಿ ಅಡುಗೆ ಮಾಡಿ ಬಡಿಸಿ ತಾವು ಮಾತ್ರ ತಿನ್ನದಿರುವುದುಂಟು. ಗೀಳು ಕಾಯಿಲೆಯವರು ಕೊಳೆಯ ಭಯಕ್ಕೆ ಊಟ ಬಿಟ್ಟಿರಬಹುದು. ನಮ್ಮ ಸೀಮೆಯಲ್ಲಿ ಇನ್ನೊಂದಿದೆ: "ಊಟದಲ್ಲಿ ಮದ್ದು ಹಾಕಿದ್ದಾರೆ". ಮದ್ದಿಡುವ ನಂಬಿಕೆ ಹಳೆಯ ಮೈಸೂರು ಭಾಗದ ಹಳ್ಳಿಗಳಲ್ಲಿ ಇಂದಿಗೂ ಇರುವುದರಿಂದ, ಆ ಮಾತು ಕೇಳಿದ ಕೂಡಲೇ ಮನೋವಿಕಾರ ಎನ್ನಲಾಗದು. ಮನೆಯವರೂ ಹಾಗೆ ನಂಬುತ್ತಾರೆಯೇ, ಒಬ್ಬರ ಮೇಲಷ್ಟೇ ಅನುಮಾನವೇ ಎಲ್ಲರ ಮೇಲೆಯೇ, ಕಿವಿಯಲ್ಲಿ ಮಾತು ಕೇಳಿಸುತ್ತದೆಯೇ, ತಾನೇ ಅಂಗಡಿಯಿಂದ ತಂದ ಬಾಳೆಹಣ್ಣನ್ನೂ ಬಿಡುತ್ತಾರೆಯೇ ಎಂದು ವೈದ್ಯರು ವಿಚಾರಿಸುತ್ತಾರೆ. ಜಿಮ್ಮಿಗೆ ಹೋಗುವ ಹುಡುಗರಲ್ಲಿ ಚಿಂತೆ ತಿರುಗುಮುರುಗಾಗಿ, ಎಷ್ಟು ಮೈ ಬೆಳೆಸಿದರೂ ಸಣಕಲೇ ಎಂಬ ಭಾವನೆ ಕಾಡಬಹುದು. "ದಪ್ಪಗಿದ್ದೇನೆ ಅನ್ನಿಸುತ್ತದೆಯೆ?" ಎಂಬ ಪ್ರಶ್ನೆಗೆ ಅವರು ಇಲ್ಲ ಎನ್ನುತ್ತಾರೆ, ಹಾಗಾಗಿ ವೈದ್ಯರ ಕಣ್ಣಿಗೆ ಬೀಳದೆ ಉಳಿಯುತ್ತಾರೆ.

ಹಸಿವು ತಾನಾಗಿಯೇ ಮನಸ್ಸನ್ನು ಕೆಡಿಸುತ್ತದೆ ಎಂಬುದಕ್ಕೆ 1944-45ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಆನ್ಸೆಲ್ ಕೀಸ್ ನಡೆಸಿದ ಪ್ರಯೋಗ ಸಾಕ್ಷಿ. ತಾವಾಗಿ ಮುಂದೆ ಬಂದ 36 ಆರೋಗ್ಯವಂತ ಯುವಕರಿಗೆ 24 ವಾರ ಅರೆಹೊಟ್ಟೆ ಊಟ. ಅವರು ಸಿಡುಕರಾದರು, ಮಂಕಾದರು, ಹಗಲಿರುಳು ಊಟದ್ದೇ ಧ್ಯಾನವಾಯಿತು, ಕೆಲವರು ಅಡುಗೆ ಪುಸ್ತಕ ಕೂಡಿಡತೊಡಗಿದರು. ಊಟ ಮರಳಿ ಕೊಟ್ಟಾಗ ಎಷ್ಟು ತಿಂದರೂ ಸಾಲದೆನಿಸಿದವರಿದ್ದರು. ಅವರಾರಿಗೂ ಮೊದಲು ಈಟಿಂಗ್ ಡಿಸಾರ್ಡರ್ ಇರಲಿಲ್ಲ. ಆದ್ದರಿಂದ ತೀರಾ ಸೊರಗಿದ ರೋಗಿಯಲ್ಲಿ ಖಿನ್ನತೆ, ಗೀಳು ಕಂಡರೂ ವೈದ್ಯರು ಕೊನೆಯ ಮಾತು ಹೇಳಲು ತಡೆಯುತ್ತಾರೆ. ತೂಕ ಸ್ವಲ್ಪ ಮರಳಿದ ಮೇಲೆ ಏನು ಉಳಿಯುತ್ತದೆ ಎಂದು ಮತ್ತೆ ನೋಡುತ್ತಾರೆ.

ಪ್ರಶ್ನಾವಳಿಯ ಅಂಕ ಕಾಯಿಲೆಯ ಮುದ್ರೆಯಲ್ಲ

ಮೈಸೂರಿನ 1600 ವಿದ್ಯಾರ್ಥಿಗಳ ಬಗೆಗಿನ ಒಂದು ಅಧ್ಯಯನ 2018ರಲ್ಲಿ ಭಾರತೀಯ ಮನೋವೈದ್ಯರ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದರಲ್ಲಿ ಸುಮಾರು ನಾಲ್ಕನೇ ಒಂದು ಭಾಗದವರಲ್ಲಿ ಊಟದ ಬಗ್ಗೆ ಅಸಹಜ ಧೋರಣೆಯ ಒಲವು ಕಂಡಿತು. ಇದನ್ನು "ನಾಲ್ವರಲ್ಲಿ ಒಬ್ಬರಿಗೆ ಕಾಯಿಲೆ" ಎಂದು ಓದಿದರೆ ತಪ್ಪು. ಅಲ್ಲಿ ಬಳಸಿದ್ದು ಜರಡಿ ಹಿಡಿಯುವ ಪ್ರಶ್ನಾವಳಿಗಳನ್ನು. ಯಾರನ್ನು ಮುಂದೆ ವಿವರವಾಗಿ ನೋಡಬೇಕು ಎಂದು ಅವು ತೋರಿಸುತ್ತವೆ. 1999ರಲ್ಲಿ ಬ್ರಿಟನ್ನಿನಲ್ಲಿ ಬಂದ ಸ್ಕಾಫ್ ಎಂಬುದರಲ್ಲಿ ಐದೇ ಪ್ರಶ್ನೆ: ಹೊಟ್ಟೆ ತುಂಬಿತೆಂದು ಬೇಕೆಂದೇ ವಾಂತಿ ಮಾಡುತ್ತೀರಾ, ತಿನ್ನುವುದರ ಮೇಲೆ ಹಿಡಿತ ತಪ್ಪಿದೆ ಎಂಬ ಚಿಂತೆಯೆ, ಮೂರು ತಿಂಗಳಲ್ಲಿ ಆರು ಕಿಲೋಗಿಂತ ಹೆಚ್ಚು ಇಳಿದಿದ್ದೀರಾ, ಬೇರೆಯವರು ಸಣಕಲು ಎಂದರೂ ದಪ್ಪಗಿದ್ದೇನೆ ಅನ್ನಿಸುತ್ತದೆಯೆ, ಊಟದ ಯೋಚನೆಯೇ ಬದುಕನ್ನು ಆಳುತ್ತಿದೆಯೆ. ಎರಡಕ್ಕೆ ಹೌದು ಎಂದರೆ ವೈದ್ಯರನ್ನು ಕಾಣಬೇಕು, ಅಷ್ಟೇ. ಹೆಸರಿಡುವುದಕ್ಕೆ ಎದುರು ಕೂತು ಹಿಂದಿನ 28 ದಿನಗಳನ್ನು ಕೆದಕಿ ಕೇಳುವ ಸಂದರ್ಶನದಂಥ ವಿಧಾನಗಳಿವೆ. ಮೊಬೈಲಿನಲ್ಲಿ ಪ್ರಶ್ನೆ ತುಂಬಿ ಮಗಳಿಗೆ ತಾವೇ ಹೆಸರಿಡುವ ಹಿರಿಯರು ಇದನ್ನು ನೆನಪಿಡಬೇಕು.

ಹೆಸರು ಸರಿಯಾಗಿರಬೇಕು ಏಕೆ

ಹೆಸರು ಬದಲಾದರೆ ಚಿಕಿತ್ಸೆ ಬದಲಾಗುತ್ತದೆ. ಹರೆಯದ ಮಕ್ಕಳ ಅನೊರೆಕ್ಸಿಯಾಕ್ಕೆ, ಮನೆಯವರೇ ಊಟದ ಹೊಣೆ ಹೊರುವ ಕುಟುಂಬ ಆಧಾರಿತ ಚಿಕಿತ್ಸೆಗೆ ಒಳ್ಳೆಯ ಆಧಾರವಿದೆ. ಬುಲಿಮಿಯಾಕ್ಕೂ ಬಿಂಜ್‌ಗೂ ಯೋಚನೆ ನಡವಳಿಕೆಗಳನ್ನು ತಿದ್ದುವ ಸಿಬಿಟಿ ಎಂಬ ಮಾತಿನ ಚಿಕಿತ್ಸೆ ಮೊದಲ ಆಯ್ಕೆ. ಬುಲಿಮಿಯಾಕ್ಕೆ ಫ್ಲುವೊಕ್ಸೆಟಿನ್ ಮಾತ್ರೆಯೂ ನೆರವಾಗುತ್ತದೆ. ಆರ್ಫಿಡ್ ಇರುವ ಮಗುವಿಗೆ ಬೇಕಾದದ್ದು ಹೆದರುವ ಆಹಾರಕ್ಕೆ ಹಂತಹಂತವಾಗಿ ಒಗ್ಗಿಸುವುದು. ಬುಲಿಮಿಯಾ ಇರುವುದನ್ನು ತಿಳಿಯದೆ ಖಿನ್ನತೆಗೆಂದು ಬುಪ್ರೊಪಿಯಾನ್ ಕೊಟ್ಟರೆ ಫಿಟ್ಸ್ ಬರುವ ಅಪಾಯ ಹೆಚ್ಚು. ಮುಚ್ಚಿಟ್ಟ ಅನೊರೆಕ್ಸಿಯಾಕ್ಕೆ ಹಸಿವು ತಗ್ಗಿಸುವ ಚುಚ್ಚುಮದ್ದು ಸೇರಿದರೆ ಏನಾದೀತು ಎಂದು ಬೇರೆ ಹೇಳಬೇಕಿಲ್ಲ.

ಮನೆಯವರ ಅಕ್ಕರೆಯೂ ಒಂದು ಕಡೆ ತಡೆಯಬೇಕಾಗುತ್ತದೆ. ಬಹಳ ದಿನ ಹಸಿದವರಿಗೆ ಒಮ್ಮೆಲೇ ತುಪ್ಪ, ಸಿಹಿ, ಅನ್ನ ಸುರಿದರೆ ರಕ್ತದ ಫಾಸ್ಫೇಟ್ ದಿಢೀರನೆ ಕುಸಿದು ಹೃದಯ, ಉಸಿರು ಕೈಕೊಡಬಹುದು. ತೀರಾ ಸೊರಗಿದವರಿಗೆ ಊಟ ಮರಳಿ ಶುರುವಾಗಬೇಕಾದದ್ದು ವೈದ್ಯರ ಕಣ್ಣೆದುರು. ಮನಸ್ಸಿನ ಕಾಯಿಲೆಗಳಲ್ಲಿ ಹೆಚ್ಚು ಜೀವ ತೆಗೆಯುವವುಗಳ ಸಾಲಿನಲ್ಲಿ ಅನೊರೆಕ್ಸಿಯಾ ಇದೆ.

ಎಲ್ಲಿಗೆ ಹೋಗಬೇಕು, ಏನು ಒಯ್ಯಬೇಕು

ಮೈಸೂರಿನ ಕೆ.ಆರ್. ಆಸ್ಪತ್ರೆ, ಮಂಡ್ಯದ ಮಿಮ್ಸ್ ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗಗಳಿವೆ. ಕಠಿಣ ಪ್ರಸಂಗಗಳಿಗೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ಹಳ್ಳಿಯವರಿಗೆ ತಾಲ್ಲೂಕು ಆಸ್ಪತ್ರೆಯ ಮನೋಚೈತನ್ಯ ಶಿಬಿರ ಹತ್ತಿರದ ದಾರಿ. ಅದು ಸಾಮಾನ್ಯವಾಗಿ ಮಂಗಳವಾರ. ಹೋಗುವ ಮೊದಲು ಯಾರೊಡನಾದರೂ ಮಾತನಾಡಬೇಕೆನಿಸಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಕನ್ನಡದಲ್ಲೇ ಮಾತನಾಡುತ್ತಾರೆ, ಹಣ ಕೊಡಬೇಕಿಲ್ಲ. ಆದರೆ ತಲೆಸುತ್ತಿ ಬೀಳುವುದು, ಎದೆ ಬಡಿತ ಏರುಪೇರಾಗುವುದು, ನೀರೂ ಇಳಿಯದಿರುವುದು, ಸಾಯುವ ಮಾತು ಬಂದರೆ ಸಹಾಯವಾಣಿಗೆ ಕಾಯದೆ ತುರ್ತು ವಿಭಾಗಕ್ಕೇ ಹೋಗಬೇಕು.

ಮೊದಲ ಭೇಟಿಗೆ ಹಳೆಯ ತೂಕ ಬರೆದಿಟ್ಟ ಕಾರ್ಡು ಅಥವಾ ಚೀಟಿ, ಕಳೆದ ಮೂರು ನಾಲ್ಕು ಮುಟ್ಟಿನ ದಿನಾಂಕ, ಹಿಂದೆ ಮಾಡಿಸಿದ ರಕ್ತ ಪರೀಕ್ಷೆಗಳು ಕೈಯಲ್ಲಿರಲಿ. ಜೊತೆಗೆ ಈಗ ತೆಗೆದುಕೊಳ್ಳುತ್ತಿರುವ ಎಲ್ಲದರ ಪಟ್ಟಿ: ಥೈರಾಯ್ಡ್ ಮಾತ್ರೆ, ಜಿಮ್ಮಿನ ಪುಡಿ, ತೂಕ ಇಳಿಸುವ ಕಷಾಯ, ಭೇದಿಯ ಚೂರ್ಣ, ಚುಚ್ಚುಮದ್ದು. ಆಯುರ್ವೇದದ್ದು, ಅಂಗಡಿಯಲ್ಲಿ ಚೀಟಿಯಿಲ್ಲದೆ ಕೊಂಡದ್ದು ಎಂದು ಯಾವುದನ್ನೂ ಬಿಡಬೇಡಿ. ಪೊಟ್ಯಾಸಿಯಂ ಏಕೆ ಇಳಿಯಿತು ಎಂಬ ಪ್ರಶ್ನೆಗೆ ಎಷ್ಟೋ ಸಲ ಉತ್ತರ ಸಿಗುವುದು ಆ ಪಟ್ಟಿಯಲ್ಲೇ.